ಎಂಟುನೂರು ವ್ಯಾಟ್

ಹೀಟರ್ ಅಂಗಡಿಯ ಯಜಮಾನರಿಗೆ ಗಿರಾಕಿಗಳ ಮಾತಿನ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ವ್ಯಾಪಾರದಲ್ಲಿ ಪೆಟ್ಟು ತಿಂದು ಹಾಗಾದವರಲ್ಲ ಅವರು, ಹುಟ್ಟಿನಿಂದಲೇ ಹಾಗೆ. ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂದು ಎಲ್ಲರೂ ನೋಡುತ್ತಾರೆ, ಇವರು ಬರೀ ನೀರು ಕೊಟ್ಟರೂ ಲೋಟವನ್ನು ಬೆಳಕಿಗೆ ಹಿಡಿದು ನೋಡುವ ಪೈಕಿ. ಅವರ ಪ್ರಕಾರ ಮನುಷ್ಯ ಎರಡು ಕಡೆ ಸುಳ್ಳು ಹೇಳಿಯೇ ತೀರುತ್ತಾನೆ. ಡಾಕ್ಟರ ಮುಂದೆ ತಾನು ತಿಂದದ್ದರ ಬಗ್ಗೆ, ಹೀಟರ್ ಅಂಗಡಿಯಲ್ಲಿ ತನ್ನ ರೂಮಿನ ಬಗ್ಗೆ. ಚಿಕ್ಕದರಲ್ಲಿ ಮುಗಿಸಬೇಕೆಂದು ಬಂದವನು ಹನ್ನೆರಡು ಅಡಿಯ ರೂಮನ್ನು ಹತ್ತು ಅನ್ನುತ್ತಾನೆ. ದೊಡ್ಡ ಮನೆಯವನೆಂದು ತೋರಿಸಿಕೊಳ್ಳಬೇಕಾದವನು ಅದೇ ಹನ್ನೆರಡನ್ನು ಹದಿನೈದು ಮಾಡುತ್ತಾನೆ. ಕಿಟಕಿ ಎಷ್ಟು ಎಂದರೆ ಬಾಗಿಲನ್ನೂ ಸೇರಿಸಿ ಹೇಳುವ ಮಹಾನುಭಾವರೂ ಇದ್ದರು.

ಹೀಗಾಗಿ ಅವರಲ್ಲಿ ಹೀಟರ್ ಕೊಳ್ಳುವುದೆಂದರೆ ಕೋರ್ಟಿಗೆ ಸಾಕ್ಷಿ ಹೇಳಲು ಹೋದ ಹಾಗೆ. ಉದ್ದ ಎಷ್ಟು, ಅಗಲ ಎಷ್ಟು, ಸೂರು ಎಷ್ಟು ಎತ್ತರ, ಎಷ್ಟು ಗೋಡೆಗೆ ಹೊರಗಿನ ಗಾಳಿ ಬಡಿಯುತ್ತದೆ, ಕಿಟಕಿ ಯಾವ ದಿಕ್ಕಿಗಿದೆ, ಮೇಲೆ ಯಾರು, ಕೆಳಗೆ ಯಾರು, ರೂಮಿನಲ್ಲಿ ಎಷ್ಟು ಜನ ಇರುತ್ತಾರೆ, ಇದ್ದು ಏನು ಮಾಡುತ್ತಾರೆ. ಚದರ ಅಡಿಗೆ ಹತ್ತು ವ್ಯಾಟ್ ಎಂದು ಶುರು ಮಾಡಿ, ಒಂದೊಂದು ಉತ್ತರಕ್ಕೂ ಒಂದಿಷ್ಟು ಕೂಡಿ, ಒಂದಿಷ್ಟು ಕಳೆದು, ಕೊನೆಗೆ ಕಣ್ಣು ಮುಚ್ಚಿ ಒಂದು ಅಂಕಿ ಹೇಳುತ್ತಿದ್ದರು. ಬೀದಿಯವರು ಅವರಿಗೆ 'ವಕೀಲರು' ಎಂದು ಅಡ್ಡಹೆಸರು ಇಟ್ಟಿದ್ದರು. ಆದರೆ ಹೇಳಿದ ಅಂಕಿ ತಪ್ಪಿದ್ದಿಲ್ಲ. ಎದುರು ಸಾಲಿನ ಹೀಟರ್ ಅಂಗಡಿಯವನೇ ತನ್ನ ಮನೆಯ ಲೆಕ್ಕವನ್ನು ಇವರ ಹತ್ತಿರ ಕೇಳಿಕೊಂಡು ಹೋಗಿದ್ದನಂತೆ. ಇದನ್ನು ಹೇಳುತ್ತಿದ್ದವರು ಯಜಮಾನರೇ, ಆದರೂ ನಂಬಬಹುದು.

ಅವರಿಗೆ ಒಬ್ಬಳೇ ಮಗಳು. ಅಂಗಡಿಯ ಹಲಗೆ ಮೇಲೆ ಕೂತು ಹೋಂವರ್ಕ್ ಮಾಡುತ್ತ, ಅಪ್ಪನ ಕೂಡುವ ಕಳೆಯುವ ಲೆಕ್ಕ ಕಿವಿಗೆ ಹಾಕಿಕೊಳ್ಳುತ್ತ ಬೆಳೆದವಳು, ಈಗ ಶಾಲೆಯೊಂದರಲ್ಲಿ ಗಣಿತದ ಟೀಚರ್. ಅವಳ ಗಂಡ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಬೆಳಗಿನಿಂದ ಸಂಜೆಯವರೆಗೆ ಗಿರಾಕಿಯ ಕಣ್ಣೆದುರು ಗಾಜು ಬದಲಾಯಿಸುತ್ತ 'ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ' ಎಂದು ಕೇಳುವುದು ಅವನ ಕೆಲಸ. ಮನೆಗೆ ಬಂದರೂ ಅದೇ ಧಾಟಿ. ಊಟಕ್ಕೆ ಏನು, ಗೋಡೆಗೆ ಯಾವ ಬಣ್ಣ, ರಜೆಯಲ್ಲಿ ಎಲ್ಲಿಗೆ, ಯಾವುದು ಕೇಳಿದರೂ 'ನಿನಗೆ ಯಾವುದು ಸರಿಯೋ ಅದು' ಎಂಬ ಒಂದೇ ಉತ್ತರ. ಹಸುವಿನಂಥ ಹುಡುಗ ಎಂದು ನೆಂಟರೆಲ್ಲ ಹೊಗಳುತ್ತಿದ್ದರು. ಯಜಮಾನರಿಗೆ ಆ ಸಾಧುತನದ ಮೇಲೆಯೇ ಅನುಮಾನ. ಮದುವೆಯಾಗಿ ಇಷ್ಟು ವರ್ಷವಾದರೂ ಒಂದು ಸಲವೂ ದನಿ ಎತ್ತದ ಗಂಡಸು ಒಳಗೆ ಏನೋ ಮುಚ್ಚಿಟ್ಟಿರಲೇಬೇಕು ಎಂಬುದು ಅವರ ವಾದ.

ಚಳಿಗಾಲ ಆಗತಾನೆ ಕಾಲಿಟ್ಟಿತ್ತು. ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿಕೊಂಡು ಅಳಿಯ ಒಳಗೆ ಬಂದ. ಕೆಲಸದ ದಿನ, ಕೆಲಸದ ಹೊತ್ತು. ಯಜಮಾನರ ಕಿವಿ ಆಗಲೇ ನೆಟ್ಟಗಾಯಿತು. ಕುರ್ಚಿ ಕೊಟ್ಟರೂ ಕೂರದೆ, ಸಾಲಾಗಿ ಇಟ್ಟಿದ್ದ ಹೀಟರುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತ ನಿಂತ ಅವನು, ಕೊನೆಗೆ ಗಂಟಲು ಸರಿಮಾಡಿಕೊಂಡ.

"ಮಾವ, ಒಂದು ರೂಮಿಗೆ ಹೀಟರ್ ಬೇಕಿತ್ತು. ಎಷ್ಟರದ್ದು ಹಾಕಬೇಕು ಅಂತ ನೀವೇ ಹೇಳಿಬಿಡಿ."

ಮಗಳ ಮನೆಯ ರೂಮು ರೂಮಿಗೂ ಹೀಟರ್ ಹಾಕಿಸಿದವರು ಯಜಮಾನರೇ. ಹೊಸ ರೂಮು ಎಲ್ಲಿಂದ ಹುಟ್ಟಿತು? ಯಾರ ರೂಮು ಎಂದು ಕೇಳಿದರು. ಪರಿಚಯದವರದ್ದು ಎಂದ ಅಳಿಯ. ಹಾಗೆನ್ನುವಾಗ ಅವನ ಕಿವಿಗಳೆರಡೂ ಕೆಂಪಾದವು. ಸುಳ್ಳು ಹೇಳಲು ಬಾರದವನು ಸುಳ್ಳು ಹೇಳಿದರೆ ಹೇಗಿರುತ್ತದೆ ಎಂಬುದನ್ನು ಆ ಹಲಗೆಯ ಹಿಂದೆ ಕೂತು ಅರ್ಧ ಆಯುಷ್ಯ ನೋಡಿದ್ದ ಯಜಮಾನರು ಏನೂ ಕಾಣದವರಂತೆ ಪೆನ್ಸಿಲ್ ಎತ್ತಿಕೊಂಡು ವಿಚಾರಣೆ ಶುರು ಮಾಡಿದರು.

ಉದ್ದ ಹನ್ನೆರಡು ಅಡಿ, ಅಗಲ ಹತ್ತು, ಎತ್ತರವೂ ಹತ್ತು. ಅಳಿಯ ತಡವರಿಸದೆ ಹೇಳಿದ. ಇದು ಇನ್ನೂ ದೊಡ್ಡ ಅನುಮಾನಕ್ಕೆ ದಾರಿಯಾಯಿತು. ಸ್ವಂತ ರೂಮಿನ ಅಳತೆಯೇ ಯಾರಿಗೂ ನೆಟ್ಟಗೆ ಗೊತ್ತಿರುವುದಿಲ್ಲ, ಇವನಿಗೆ ಪರಿಚಯದವರ ರೂಮಿನ ಸೂರಿನ ಎತ್ತರ ಕೂಡ ಬಾಯಿಪಾಠ. ಅಂದರೆ ಟೇಪು ಹಿಡಿದು, ಸ್ಟೂಲು ಹತ್ತಿ ಅಳೆದಿದ್ದಾನೆ. ಯಾರಿಗಾಗಿ ಹತ್ತಿದ?

ಹೊರಗೋಡೆ ಎಷ್ಟೆಂದರೆ ಎರಡು. ಕಿಟಕಿ ಒಂದೇ, ದೊಡ್ಡದು, ಉತ್ತರಕ್ಕೆ. ಎದುರಿಗೆ ಗಾಳಿಗೆ ಮರೆಯಾಗುವಂಥ ಕಟ್ಟಡ ಏನಾದರೂ ಇದೆಯೇ ಎಂದು ಕೇಳಿದರು. ಏನೂ ಇಲ್ಲ, ಎದುರಿಗೆ ಬಸ್ ಡಿಪೋ, ಬರೀ ಬಯಲು ಎಂದ. ಕೆಳಗೆ ಯಾರಿದ್ದಾರೆ ಎಂದರೆ ಯಾರೂ ಇಲ್ಲ, ಪೇಂಟ್ ಡಬ್ಬಗಳ ಗೋಡೌನ್ ಎಂದ. ಯಜಮಾನರು ತಲೆಯಾಡಿಸಿದರು. ಡಿಪೋ ಎದುರಿಗೆ ಕೆಳಗೆ ಪೇಂಟ್ ಗೋಡೌನ್ ಇರುವ ಕಟ್ಟಡ ಇಡೀ ಊರಿಗೆ ಒಂದೇ. ವಿಳಾಸ ತಾನಾಗಿ ಅವರ ಜೇಬಿಗೆ ಬಂದು ಬಿದ್ದಿತ್ತು, ಕೊಟ್ಟವನಿಗೆ ಕೊಟ್ಟದ್ದು ಗೊತ್ತಿರಲಿಲ್ಲ.

"ಎಷ್ಟು ಜನ ಇರ್ತಾರೆ?"

"ಒಬ್ಬರೇ."

"ಗಂಡಸೋ, ಹೆಂಗಸೋ?"

ಅಳಿಯ ಮುಗ್ಧವಾಗಿ ಮುಖ ನೋಡಿದ. "ಅದಕ್ಕೂ ವ್ಯಾಟ್ ಬದಲಾಗುತ್ತಾ ಮಾವ?"

"ಆಗುತ್ತೆ," ಎಂದರು ಯಜಮಾನರು, ಕಣ್ಣು ಮಿಟುಕಿಸದೆ.

"ಹೆಂಗಸು. ಸಾಯಂಕಾಲ ಬಂದು ಕೂತು ಓದ್ಕೊಂಡು ಬರ್ಕೊಂಡು ಇರ್ತಾರೆ. ಸ್ವಲ್ಪ ಜಾಸ್ತೀನೇ ಬೇಕಾಗುತ್ತೆ ಅನ್ಸುತ್ತೆ ಮಾವ. ಅವರಿಗೆ ಕಾಲು ಬೇಗ ತಣ್ಣಗಾಗುತ್ತೆ."

ಪೆನ್ಸಿಲ್ ಯಜಮಾನರ ಕೈಯಲ್ಲಿ ನಿಂತುಹೋಯಿತು. ಹೆಂಗಸೊಬ್ಬಳ ಕಾಲು ಬೇಗ ತಣ್ಣಗಾಗುತ್ತದೆ ಎಂಬುದು ಯಾರಿಗೆ ಗೊತ್ತಿರುತ್ತದೆ? ಕನ್ನಡಕದ ಅಂಗಡಿಯಲ್ಲಿ ನೋಡುವುದು ಕಣ್ಣನ್ನು, ಕಾಲನ್ನಲ್ಲ.  ಮಗಳ ಮುಖ ಕಣ್ಣ ಮುಂದೆ ಬಂತು. ಇತ್ತೀಚೆಗೆ ಅವಳು ತವರಿಗೆ ಬಂದಾಗ ಮಾತು ಕಡಿಮೆ ಮಾಡಿದ್ದಳು, ಸೊರಗಿದ್ದಳು ಕೂಡ. ಈಗ ಎಲ್ಲದಕ್ಕೂ ಅರ್ಥ ಸಿಕ್ಕಿತು ಎಂದುಕೊಂಡರು. ಕಾಲರ್ ಹಿಡಿದು ಎರಡು ಬಿಗಿಯೋಣ ಅನ್ನಿಸಿತು. ಆದರೆ ಬಿಗಿದರೆ ಅವನು ಜಾರಿಕೊಳ್ಳುತ್ತಾನೆ, ರೂಮು ಖಾಲಿಯಾಗುತ್ತದೆ, ಹಿಡಿಯಲು ಏನೂ ಉಳಿಯುವುದಿಲ್ಲ. ಹಲ್ಲು ಕಚ್ಚಿಕೊಂಡು ಸುಮ್ಮನಾದರು.

ಲೆಕ್ಕ ಅವರ ತಲೆಯಲ್ಲಿ ಆಗಲೇ ಮುಗಿದಿತ್ತು. ನೂರಿಪ್ಪತ್ತು ಚದರ ಅಡಿಗೆ ಸಾವಿರದ ಇನ್ನೂರು, ಸೂರು ಎತ್ತರ ಇದ್ದದ್ದಕ್ಕೆ ಮುನ್ನೂರು, ಎರಡು ಹೊರಗೋಡೆ, ಮರೆಯಿಲ್ಲದ ಉತ್ತರದ ಕಿಟಕಿ, ಕೆಳಗೆ ತಣ್ಣನೆಯ ಗೋಡೌನ್. ಎರಡು ಸಾವಿರ ವ್ಯಾಟ್, ಒಂದು ಗುಂಜಿ ಕಡಿಮೆಯಾಗುವಂತಿಲ್ಲ. ಯಜಮಾನರು ಎದ್ದು ಹೋಗಿ ಕೆಳಗಿನ ಸಾಲಿನಿಂದ ಪುಟ್ಟದೊಂದು ಡಬ್ಬ ತೆಗೆದು ಹಲಗೆಯ ಮೇಲಿಟ್ಟರು. ಬಚ್ಚಲುಮನೆಗೋ, ಮೇಜಿನ ಕೆಳಗಿಡಲಿಕ್ಕೋ ಜನ ಕೊಳ್ಳುವಂಥದ್ದು ಅದು.

"ಎಂಟುನೂರು ವ್ಯಾಟ್. ಆ ರೂಮಿಗೆ ಧಾರಾಳ ಆಯ್ತು."

ಅಳಿಯ ಡಬ್ಬವನ್ನು ತಿರುಗಿಸಿ ನೋಡಿ, ಇದು ಚಿಕ್ಕದಾಗಲಿಲ್ಲವೇ ಎಂದು ಒಂದೇ ಒಂದು ಸಲ ಕೇಳಿದ. ಹೀಟರಿನ ವಿಷಯ ನಿಮಗೆ ಗೊತ್ತೋ ನನಗೋ ಎಂದರು ಯಜಮಾನರು. ನಿಮಗೇ ಮಾವ, ನೀವು ಹೇಳಿದ ಮೇಲೆ ಮುಗೀತು ಎಂದು ಅವನು ನಕ್ಕ. ಅಂಗಡಿಯ ಹೆಸರಿನ ಚೀಟಿಯನ್ನು ಡಬ್ಬಕ್ಕೆ ಅಂಟಿಸುವಾಗ ಯಜಮಾನರ ಬೆರಳು ಕ್ಷಣ ಹೊತ್ತು ತಡೆಯಿತು. ಅವರ ಕೈಯಿಂದ ತಪ್ಪು ಅಳತೆ ಹೊರಗೆ ಹೋಗುತ್ತಿದ್ದುದು ಅದೇ ಮೊದಲು. ಆಮೇಲೆ, ನಡುಗಲಿ, ಇನ್ನೊಬ್ಬಳ ಮನೆ ಮುರಿಯಲು ಹೊರಟವಳಿಗೆ ಬೆಚ್ಚಗೆ ಬೇರೆ ಇರಬೇಕೇ ಎಂದುಕೊಂಡು ಚೀಟಿಯನ್ನು ಒತ್ತಿ ಅಂಟಿಸಿದರು. ಅಂಗಡಿಯ ಆಳಿನ ಕೈಯಲ್ಲಿ ತಲುಪಿಸುತ್ತೇನೆ ಎಂದರೆ ಅಳಿಯ ಬೇಡವೇ ಬೇಡ ಎಂದು ತಾನೇ ಹೆಗಲಿಗೇರಿಸಿಕೊಂಡು ಹೊರಟ. ಅದೂ ಅವರ ಅನುಮಾನದ ಖಾತೆಗೇ ಜಮೆಯಾಯಿತು.

ಆ ಸಂಜೆಯಿಂದ ಯಜಮಾನರು ಮೈಯೆಲ್ಲ ಕಣ್ಣಾಗಿ ಓಡಾಡಿದರು. ಹೆಂಡತಿಯ ಹತ್ತಿರ ಮೆಲ್ಲಗೆ ಮಗಳ ವಿಷಯ ತೆಗೆದರು. ಅವಳು ಹೇಗಿದ್ದಾಳೆ ಎಂದು ಕೇಳಿದ್ದೇ ತಡ, ಚೆನ್ನಾಗಿದ್ದಾಳೆ ಎಂದು ಉತ್ತರ ಬಂತು. ತುಂಬ ಬೇಗ ಬಂತು. ಸಾಮಾನ್ಯವಾಗಿ ಆ ಪ್ರಶ್ನೆಗೆ ಮನೆಯಾಕೆ ಅರ್ಧ ಗಂಟೆ ಉತ್ತರ ಕೊಡುವವರು. ಅಳಿಯಂದಿರು ಹೇಗಿದ್ದಾರೆ ಎಂದರೆ, ಅವರಿಗೇನು, ದೇವರಂಥ ಮನುಷ್ಯ ಎಂದು ಹೇಳಿ ಒಲೆಯ ಕಡೆ ತಿರುಗಿಕೊಂಡರು. ಇವಳಿಗೂ ಏನೋ ಗೊತ್ತಿದೆ, ಎಲ್ಲರೂ ಸೇರಿ ನನ್ನಿಂದ ಮುಚ್ಚಿಡುತ್ತಿದ್ದಾರೆ ಎಂದು ಯಜಮಾನರಿಗೆ ಖಾತ್ರಿಯಾಯಿತು. ಇದೊಂದರಲ್ಲಿ ಅವರ ಊಹೆ ಸರಿಯಾಗಿತ್ತು.

ಸಂಜೆ ಮಗಳಿಗೆ ಫೋನ್ ಮಾಡಿದರೆ ಹಿಂದಿನಿಂದ ಬಸ್ಸಿನ ಹಾರ್ನ್ ಕೇಳಿಸುತ್ತಿತ್ತು. ಇನ್ನೊಂದು ದಿನ ಮಾಡಿದಾಗಲೂ ಹಾಗೆಯೇ. ಎಲ್ಲಿದ್ದೀಯೆ ಎಂದರೆ ಕೆಲಸದಲ್ಲಿದ್ದೇನೆ ಎನ್ನುತ್ತಿದ್ದಳು. ಬೇರೆಯವರಾಗಿದ್ದರೆ ಇಷ್ಟು ಹೊತ್ತಿಗೆ ಆ ಹಾರ್ನನ್ನೂ ಡಿಪೋವನ್ನೂ ಸೇರಿಸಿ ನೋಡುತ್ತಿದ್ದರೇನೋ. ಯಜಮಾನರ ಬುದ್ಧಿ ಅಳಿಯನ ಬೆನ್ನು ಹತ್ತಿದ್ದರಿಂದ, ಪಾಪದ ಹುಡುಗಿ ಗಂಡನನ್ನು ಹುಡುಕಿಕೊಂಡು ಬೀದಿ ಬೀದಿ ಅಲೆಯುತ್ತಿದೆ ಎಂದು ಮರುಗಿದರು. ಆ ರಾತ್ರಿ ಅವರಿಗೆ ಊಟ ಸೇರಲಿಲ್ಲ.

ಅಷ್ಟರಲ್ಲಿ ಚಳಿ ಏರಿತು. ನಲ್ಲಿಯ ನೀರು ಮುಟ್ಟಿದರೆ ಕೈ ಕಚ್ಚುತ್ತಿತ್ತು, ಅಂಗಡಿಯಲ್ಲಿ ಗಿರಾಕಿಗಳ ನೂಕುನುಗ್ಗಲು. ಬಂದವರಿಗೆಲ್ಲ ಲೆಕ್ಕ ಹೇಳುತ್ತಿದ್ದರೂ ಯಜಮಾನರಿಗೆ ಆ ಎಂಟುನೂರು ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಉತ್ತರದ ಗಾಳಿ ಬೀಸಿದಾಗಲೆಲ್ಲ ಆ ಕಿಟಕಿಯ ನೆನಪಾಗುತ್ತಿತ್ತು. ನೆನಪಾದದ್ದಕ್ಕೆ ತಮ್ಮ ಮೇಲೆಯೇ ಸಿಟ್ಟು ಬರುತ್ತಿತ್ತು. ಕೊನೆಗೊಂದು ಶನಿವಾರ, ಶಾಲೆಗಳೆಲ್ಲ ಬೇಗ ಬಿಡುವ ದಿನ, ಅಂಗಡಿಯನ್ನು ಆಳಿಗೆ ಒಪ್ಪಿಸಿ, ಮಫ್ಲರನ್ನು ಮೂಗಿನವರೆಗೆ ಸುತ್ತಿಕೊಂಡು ಡಿಪೋ ಕಡೆಗೆ ನಡೆದರು. ಅವಳನ್ನು ಹಿಡಿದು ನಿಲ್ಲಿಸಿ ಏನೇನು ಕೇಳಬೇಕೆಂದು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತ ಹೋದರು. ಎಂಥ ವಕೀಲನೂ ಅಷ್ಟು ತಯಾರಿ ಮಾಡಿರಲಾರ.

ಪೇಂಟಿನ ವಾಸನೆಯ ಗೋಡೌನ್ ಪಕ್ಕದಲ್ಲಿ ಕಿರಿದಾದ ಮೆಟ್ಟಿಲು. ಮೇಲೆ ಒಂದೇ ಬಾಗಿಲು. ಬಾಗಿಲ ಸಂದಿಗೆ ಒಳಗಿನಿಂದ ಹಳೇ ಬಟ್ಟೆ ತುರುಕಿದ್ದು ಹೊರಗಿನಿಂದಲೂ ಕಾಣುತ್ತಿತ್ತು. ನಡುಗುತ್ತಿದ್ದಾಳೆ ಎಂದು ಯಜಮಾನರಿಗೆ ಒಂದು ಗಳಿಗೆ ಸಂತೋಷವಾಯಿತು. ಮುಷ್ಟಿ ಕಟ್ಟಿ ಬಾಗಿಲು ಬಡಿದರು.

ಬಾಗಿಲು ತೆರೆದವಳು ಅವರ ಮಗಳು.

ಎರಡು ಸ್ವೆಟರ್, ಮೇಲೊಂದು ಶಾಲು, ಕಾಲಿಗೆ ಗಂಡಸರ ದಪ್ಪ ಸಾಕ್ಸು. ಮೂಗಿನ ತುದಿ ಕೆಂಪಾಗಿತ್ತು. ಯಜಮಾನರಿಗೆ ಆಗಲೂ ಬುದ್ಧಿ ಬರಲಿಲ್ಲ. ತಮಗಿಂತ ಮೊದಲೇ ಇವಳು ಬಂದು ಅವಳನ್ನು ಹಿಡಿದುಬಿಟ್ಟಿದ್ದಾಳೆ ಎಂದುಕೊಂಡು, ಮಗಳ ಭುಜದ ಮೇಲಿಂದ ಇಣುಕಿ, "ಎಲ್ಲಿ ಅವಳು?" ಎಂದರು.

"ಯಾರು?" ಎಂದಳು ಮಗಳು. ಆಮೇಲೆ, "ಅವರು ಹೇಳಿಬಿಟ್ರಾ ಅಪ್ಪ? ನಿನಗೆ ಹೇಳಲ್ಲ ಅಂದಿದ್ರು."

ರೂಮಿನಲ್ಲಿ ಒಂದು ಮಂಚ, ಒಂದು ಮೇಜು, ಮೇಜಿನ ಮೇಲೆ ಕೆಂಪು ಶಾಯಿಯಲ್ಲಿ ತಿದ್ದಿದ ಉತ್ತರಪತ್ರಿಕೆಗಳು. ಮೇಜಿನ ಕೆಳಗೆ ಅವರ ಅಂಗಡಿಯ ಪುಟ್ಟ ಹೀಟರ್ ಕೆಂಪಗೆ ಉರಿಯುತ್ತ ತನ್ನ ಸುತ್ತಲಿನ ಎರಡು ಅಡಿ ಜಾಗವನ್ನಷ್ಟೇ ಬಿಸಿ ಮಾಡುತ್ತಿತ್ತು. ಉತ್ತರದ ಕಿಟಕಿಯ ಗಾಜು ಮಂಜಾಗಿತ್ತು. ಬೇರೆ ಯಾರೂ ಇರಲಿಲ್ಲ.  ಕಾಲು ಬೇಗ ತಣ್ಣಗಾಗುತ್ತದೆ ಎಂದು ಅಳಿಯ ಹೇಳಿದಾಗಲೇ ಹೊಳೆಯಬೇಕಿತ್ತು. ಚಿಕ್ಕವಳಿದ್ದಾಗ ಆ ಕಾಲುಗಳನ್ನು ಎಷ್ಟು ಚಳಿಗಾಲ ತಾವೇ ಅಂಗೈಯಲ್ಲಿ ಹಿಡಿದು ಬಿಸಿ ಮಾಡಿದ್ದರು. ಯಜಮಾನರು ಮಂಚದ ಮೇಲೆ ಕುಸಿದು ಕೂತರು.

ಮಗಳು ನಿಧಾನವಾಗಿ ಎಲ್ಲ ಹೇಳಿದಳು. ಜಗಳವಾಗಿ ಬಂದದ್ದಲ್ಲ. ಜಗಳವೇ ಇಲ್ಲದ್ದು ತೊಂದರೆಯಾಗಿತ್ತು. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದೂ ಆ ಮನುಷ್ಯನಿಗೆ ಏನು ಬೇಕು, ಏನು ಬೇಡ ಎಂಬುದು ಅವಳಿಗೆ ತಿಳಿದಿರಲಿಲ್ಲ. ತಾನು ಅವನಿಗೆ ಬೇಕೋ ಬೇಡವೋ ಎಂಬುದು ಕೂಡ. ಗೋಡೆಗೆ ಮಾತಾಡಿದರೆ ಪ್ರತಿಧ್ವನಿಯಾದರೂ ಬರುತ್ತದೆ ಎಂದಳು. ಅಮ್ಮನಿಗೆ ಎಲ್ಲ ಗೊತ್ತಂತೆ. ಅಪ್ಪನಿಗೆ ಹೇಳಿದರೆ ಇಡೀ ಊರಿನ ಮೇಲೆ ಅನುಮಾನ ಪಡುತ್ತಾರೆ, ಸದ್ಯಕ್ಕೆ ಬೇಡ ಎಂದದ್ದು ಅಮ್ಮನೇ ಅಂತೆ.

"ಬೇರೆ ರೂಮು ಮಾಡ್ತೀನಿ ಅಂತ ಅವರ ಮುಂದೆ ನಿಂತು ಹೇಳಿದೆ ಅಪ್ಪ. ಬೇಡ ಅನ್ನಲಿ, ಬೈಯಲಿ, ತಟ್ಟೆ ಎತ್ತಿ ಎಸೀಲಿ ಅಂತ ಕಾಯ್ತಾ ಇದ್ದೆ. ಅವರು ಕೇಳಿದ್ದು ಒಂದೇ ಮಾತು. ಆ ರೂಮಲ್ಲಿ ಹೀಟರ್ ಇದೆಯಾ ಅಂತ."

 ಆದರೆ ಮರುಕ್ಷಣ ಅವಳ ಮುಖದಲ್ಲಿ ಒಂದು ಬೇರೆಯೇ ಗೆಲುವು ಕಾಣಿಸಿತು. ಕೂತಲ್ಲಿಂದಲೇ ಕಾಲು ಚಾಚಿ ಹೀಟರಿನ ಕಡೆ ಬೆರಳು ಮಾಡಿದಳು.

"ಇದನ್ನ ನೋಡಿದ್ಯಾ? ಈ ರೂಮಿಗೆ ಎರಡು ಸಾವಿರ ಬೇಕು. ನಾನೇ ಲೆಕ್ಕ ಹಾಕಿದೆ, ಮತ್ತೆ ಮತ್ತೆ ಹಾಕಿದೆ. ನಿನ್ನ ಅಂಗಡಿಯಿಂದ ತಪ್ಪು ಅಳತೆ ಬರೋದಿಲ್ಲ, ಅದು ನನಗೆ ಗೊತ್ತು. ಅಂದಮೇಲೆ ಅವರೇ ನಿನ್ನ ಹತ್ತಿರ ರೂಮಿನ ಅಳತೆ ಸುಳ್ಳು ಹೇಳಿ ಬೇಕು ಅಂತಲೇ ಚಿಕ್ಕದು ತಂದಿದ್ದಾರೆ. ನಾನು ಚಳಿ ತಡೀಲಾರದೆ ಮನೆಗೆ ವಾಪಸ್ ಬರಲಿ ಅಂತ."

ಅವಳು ಶಾಲನ್ನು ಬಿಗಿಯಾಗಿ ಹೊದ್ದುಕೊಂಡು ನಕ್ಕಳು. ಆ ನಗು ನೋಡಿ ಎಷ್ಟು ಕಾಲವಾಗಿತ್ತೋ. ಮದುವೆಯಾದಾಗಿನಿಂದ ಇದೇ ಮೊದಲ ಸಲ ಆ ಮನುಷ್ಯ ತನಗಾಗಿ ಒಂದು ಕಿಲಾಡಿತನ ಮಾಡಿದ್ದಾನೆ ಎಂದಳು. ಮೊದಮೊದಲು ಸಿಟ್ಟು ಬಂದಿತ್ತಂತೆ. ಆಮೇಲೆ ಈ ಚಳಿಯಲ್ಲಿ ಕೂತಷ್ಟೂ ಒಳಗೊಳಗೇ ಖುಷಿಯಾಗತೊಡಗಿತಂತೆ. ನಾಳೆ ಮನೆಗೆ ಹೋಗಿಬಿಡುತ್ತೇನೆ, ಹೋಗಿ ನಿಮ್ಮ ಆಟ ನನಗೆ ಗೊತ್ತಾಯಿತು ಎಂದು ಅವರಿಗೆ ಹೇಳುತ್ತೇನೆ ಎಂದಳು.

 ಸುಮ್ಮನಿದ್ದರೆ ಮಗಳ ಸಂಸಾರ ನಾಳೆಗೆ ಸರಿಹೋಗುತ್ತದೆ. ಯಾರಿಗೇನು ನಷ್ಟ? ಒಂದು ನಿಮಿಷ ಯಜಮಾನರಿಗೆ ಹಾಗೇ ಅನ್ನಿಸಿತು, ಹೌದು, ಸುಮ್ಮನಿದ್ದುಬಿಡೋಣ ಎಂದೇ ನಿರ್ಧಾರ ಮಾಡಿದರು. ಆಮೇಲೆ ನಾಳೆಯ ಚಿತ್ರ ಕಣ್ಣಿಗೆ ಕಟ್ಟಿತು. ಇವಳು ನಗುತ್ತ ಕೇಳುತ್ತಾಳೆ. ಸುಳ್ಳು ಬಾರದ ಆ ಮನುಷ್ಯ, ಇಲ್ಲ, ನಾನು ಸರಿಯಾದ ಅಳತೆಯನ್ನೇ ಹೇಳಿದೆ, ಮಾವ ಇದು ಸಾಕು ಅಂದರು ಎನ್ನುತ್ತಾನೆ. ಇವಳ ಈ ನಗು ಅಲ್ಲಿ, ಅವನ ಎದುರಿನಲ್ಲಿ ಒಡೆದು ಚೂರಾಗುತ್ತದೆ. ಒಡೆಯುವುದೇ ಆದರೆ ತಮ್ಮ ಎದುರಿಗೇ ಒಡೆಯಲಿ. ಪಾಪ ಮಾಡಿದವರು ತಾವು.

"ಪುಟ್ಟಿ," ಎಂದರು. "ಅವರು ಅಳತೆ ಸರಿಯಾಗೇ ಹೇಳಿದ್ರು. ಇಂಚು ತಪ್ಪಿಲ್ಲ. ನಾನೇ ಚಿಕ್ಕದು ಕೊಟ್ಟಿದ್ದು."

ಮಗಳು ಅರ್ಥವಾಗದೆ ನೋಡಿದಳು. ನಿನ್ನ ಲೆಕ್ಕ ತಪ್ಪಿತಾ ಎಂದು ಕೇಳಿದಳು. ತಪ್ಪಲಿಲ್ಲ, ಬೇಕೆಂದೇ ಕೊಟ್ಟೆ ಎಂದರು ಯಜಮಾನರು. ಅಳಿಯನ ಕಿವಿ ಕೆಂಪಾದದ್ದು, ಹೆಂಗಸು ಎಂದದ್ದು, ಕಾಲು ತಣ್ಣಗಾಗುತ್ತದೆ ಎಂದದ್ದು, ತಾವು ಅದರಿಂದ ಕಟ್ಟಿಕೊಂಡ ಕಥೆ, ಎಲ್ಲವನ್ನೂ ತಲೆ ತಗ್ಗಿಸಿಕೊಂಡು ಹೇಳಿದರು. ಹೇಳುತ್ತ ಹೇಳುತ್ತ ಅವರಿಗೇ ಅದು ತಲೆಬುಡವಿಲ್ಲದ ಕಥೆ ಎನ್ನಿಸಿತು. ಅಂಗಡಿಯಲ್ಲಿ ಎಷ್ಟು ಗಟ್ಟಿಯಾಗಿತ್ತು ಅದು.

ಮಗಳ ಮುಖದ ಗೆಲುವು ಪೂರ್ತಿ ಇಳಿದುಹೋಗಿತ್ತು. ಹೊರಗೆ ಡಿಪೋದಲ್ಲಿ ಯಾವುದೋ ಬಸ್ಸು ಸ್ಟಾರ್ಟ್ ಆಗದೆ ಗೊರಗೊರ ಎನ್ನುತ್ತಿತ್ತು.

"ಹಾಗಾದರೆ ಅವರು ಏನೂ ಮಾಡಿಲ್ಲ," ಎಂದಳು ಕೊನೆಗೆ. "ಅವರು ಎಂದಿನ ಹಾಗೇ ಇದ್ದಾರೆ." ಆಮೇಲೆ ಅಪ್ಪನ ಕಡೆ ತಿರುಗಿದಳು. "ಒಂದು ಮಾತು ಕೇಳ್ತೀನಿ. ಇಲ್ಲಿ ನಾನಲ್ಲದೆ ಬೇರೆ ಯಾರಾದರೂ ಇದ್ದಿದ್ರೆ? ನೀನು ಮುಖಾನೇ ನೋಡದ ಒಬ್ಬಳು ಹೆಂಗಸು? ಅವಳು ನಡುಗಿದ್ರೆ ನಿನಗೆ ಸರಿಹೋಗ್ತಿತ್ತಾ?"

 ಬಾಗಿಲ ಸಂದಿಯ ಬಟ್ಟೆ ನೋಡಿ ಸಂತೋಷಪಟ್ಟದ್ದು ನೆನಪಾಗಿ ಯಜಮಾನರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು. ತಪ್ಪಾಯಿತು ಎಂದರು. ಮಗಳು ತನ್ನ ಫೋನ್ ತೆಗೆದು ಗಂಡನ ನಂಬರ್ ಒತ್ತಿ, ಮಾತು ಇಬ್ಬರಿಗೂ ಕೇಳುವಂತೆ ಸ್ಪೀಕರ್ ಹಾಕಿ ಅಪ್ಪನ ಕೈಗಿಟ್ಟಳು.

"ನನಗಲ್ಲ. ಅವರಿಗೆ ಹೇಳು."

ಒಂದೇ ರಿಂಗಿಗೆ ಅಳಿಯ ಎತ್ತಿದ. "ಏನಾಯ್ತು? ಹೀಟರ್ ಕೆಟ್ಟೋಯ್ತಾ?" ಎಂದ ಗಾಬರಿಯಿಂದ. ನಾನು, ನಿಮ್ಮ ಮಾವ ಎಂದರು ಯಜಮಾನರು. ಹೇಳಬೇಕಾದದ್ದನ್ನೆಲ್ಲ ಹೇಳಿದರು. ಎರಡನೆಯ ಸಲಕ್ಕೆ ಸುಲಭವಾಗಬಹುದು ಎಂದುಕೊಂಡಿದ್ದರು, ಆಗಲಿಲ್ಲ. ನಿಮ್ಮ ಮೇಲೆ ಕೆಟ್ಟ ಅನುಮಾನ ಪಟ್ಟೆ, ಅದಕ್ಕೆ ಸುಳ್ಳು ಅಳತೆ ಕೊಟ್ಟೆ, ಅದರಿಂದ ನಡುಗಿದವಳು ನನ್ನ ಮಗಳೇ ಎಂದು ಮುಗಿಸುವಾಗ ದನಿ ಒಡೆದಿತ್ತು.

 ಆ ಕಡೆಯಿಂದ ಅಳಿಯನ ಎಂದಿನ ಮೆತ್ತನೆಯ ದನಿ. "ಪರವಾಗಿಲ್ಲ ಮಾವ. ಈಗ ಯಾವುದು ಹಾಕಬೇಕು ಹೇಳಿ, ತರ್ತೀನಿ."

ಮಗಳು ಕಣ್ಣು ಮುಚ್ಚಿಕೊಂಡಳು. "ನೋಡಿದ್ಯಾ ಅಪ್ಪ," ಎಂದಳು, ಗಂಡನಿಗೆ ಕೇಳುತ್ತದೆ ಎಂಬುದನ್ನೂ ಲೆಕ್ಕಿಸದೆ. "ಇದಕ್ಕೇ ನಾನು ಇಲ್ಲಿಗೆ ಬಂದಿದ್ದು."

 ಕಟ್ ಆಯಿತೇನೋ ಎಂದು ಯಜಮಾನರು ಫೋನನ್ನು ಕಿವಿಯ ಹತ್ತಿರ ತಂದರು. ಅವನು ಉಸಿರಾಡುವುದು ಕೇಳಿಸಿತು.

"ಅವಳು ಅಷ್ಟು ದಿನವೂ ಚಳೀಲಿ ಕೂತಿದ್ದಾಳಾ?" ಎಂದ ಅಳಿಯ. ದನಿ ಬದಲಾಗಿತ್ತು. "ಅಷ್ಟೂ ದಿನ?"

ಹೌದು ಎಂದರು ಯಜಮಾನರು.

"ಪರವಾಗಿದೆ ಮಾವ. ಪರವಾಗಿಲ್ಲ ಅಂದಿದ್ದು ಸುಳ್ಳು. ನನ್ನ ಬಗ್ಗೆ ಏನು ಬೇಕಾದರೂ ಅಂದುಕೊಳ್ಳಿ, ನಾನು ಕೇಳೋದಿಲ್ಲ. ಆದರೆ ಅವಳು ಬೆಚ್ಚಗಿದ್ದಾಳೆ ಅನ್ನೋ ಒಂದೇ ಸಮಾಧಾನದಲ್ಲಿ ನಾನು ದಿನಾ ಮಲಗ್ತಾ ಇದ್ದೆ. ನೀವು ಅದನ್ನೂ ಕಿತ್ಕೊಂಡ್ರಿ. ನಾಚಿಕೆ ಆಗಲ್ವಾ ನಿಮಗೆ? ನಿಮ್ಮ ಮಾತು ನಂಬಿ ಹೊತ್ಕೊಂಡು ಹೋದೆನಲ್ಲ ನಾನು, ನನಗೇ ನಾಚಿಕೆ ಆಗಬೇಕು." ಅವನ ದನಿ ಏರುತ್ತ ಹೋಗಿ ಒಡೆಯಿತು. "ಅವಳು ಹೋಗೋದೇ ನನಗೆ ಇಷ್ಟ ಇರಲಿಲ್ಲ. ಹೋಗಬೇಡ ಅನ್ನೋಕೆ ಬಾಯಿ ಬರಲಿಲ್ಲ. ಏನಾದರೂ ಕೇಳಬೇಕಲ್ಲ ಅಂತ ಹೀಟರ್ ಕೇಳಿದೆ. ನಾನು ದಡ್ಡ, ಒಪ್ಕೋತೀನಿ. ನೀವು ಮಾಡಿದ್ದು ದಡ್ಡತನ ಅಲ್ಲ ಮಾವ, ಕೆಟ್ಟತನ."

ಹಿರಿಯರಿಂದಲೂ ಒಂದು ಮಾತು ಕೇಳಿಸಿಕೊಳ್ಳದ ಯಜಮಾನರ ಮೈ ಅಭ್ಯಾಸಬಲದಿಂದ ಸೆಟೆಯಿತು. ಏನೋ ಹೇಳಲು ಬಾಯಿ ತೆರೆದರು. ಮಗಳು ತುಟಿಯ ಮೇಲೆ ಬೆರಳಿಟ್ಟು ಬೇಡ ಎಂದು ತಲೆಯಾಡಿಸಿದಳು. ಅವಳು ನೆಲದ ಮೇಲೆ, ಅಪ್ಪನ ಕಾಲ ಹತ್ತಿರ ಬಂದು ಕೂತಿದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಯೇ ಅವಳಿಗಿರಲಿಲ್ಲ.

"ಸುಮ್ಮನಿರು ಅಪ್ಪ," ಎಂದು ಪಿಸುಗುಟ್ಟಿದಳು. "ಅವರು ಇನ್ನೂ ಹೇಳಲಿ."

ಅಳಿಯ ಹೇಳುತ್ತಲೇ ಇದ್ದ. ಇಷ್ಟು ವರ್ಷ ಕಟ್ಟಿಟ್ಟ ಮಾತು ಒಂದರ ಹಿಂದೆ ಒಂದು ಬರುತ್ತಿತ್ತು, ಮಧ್ಯೆ ಮಧ್ಯೆ ತೊದಲುತ್ತಿತ್ತು. ಯಜಮಾನರು ಫೋನನ್ನು ಮಗಳ ಕಿವಿಯ ಹತ್ತಿರಕ್ಕೆ ಚಾಚಿ ಹಿಡಿದು, ತುಟಿ ಪಿಟಕ್ಕೆನ್ನದೆ, ತಮಗೆ ಬರಬೇಕಾದ ಬೈಗುಳವನ್ನೆಲ್ಲ ಕೇಳಿಸಿಕೊಂಡರು.